ಜಾತಿಯಿಂದಲೋ, ಹೆಣ್ಣಾಗಿದ್ದಕ್ಕೋ ಎಂದು ಕೇಳುವವರಿಗೆ

(ಇತ್ತೀಚೆಗೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇದರಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ ಇಂಟರ್‌ಸೆಕ್ಷನಾಲಿಟಿ. ಹೆಸರು ಉದ್ದ ಇದೆ ಅಂತ ಹೆದರಬೇಡಿ. ಜಾತಿ, ಲಿಂಗ, ಬಡತನದಂಥವು ಒಬ್ಬರ ಮೇಲೇ ಒಟ್ಟಿಗೆ ಬಂದು ಕೆಲಸ ಮಾಡುವುದಕ್ಕೆ ಇಟ್ಟ ಹೆಸರು ಅಷ್ಟೇ. ಗ್ರಾಮ ಪಂಚಾಯಿತಿ ಚುನಾವಣೆಗೆ ಮುಂಚೆ ಮೀಸಲಾತಿ ಪಟ್ಟಿ ಬರುತ್ತದಲ್ಲ, ಅದನ್ನು ಓದಿದವರಿಗೆ ಈ ವಿಷಯ ಅರ್ಧ ಗೊತ್ತೇ ಇದೆ. ಸಾಮಾನ್ಯ, ಸಾಮಾನ್ಯ ಮಹಿಳೆ, ಅನುಸೂಚಿತ ಜಾತಿ, ಅನುಸೂಚಿತ ಜಾತಿ ಮಹಿಳೆ, ಹಿಂದುಳಿದ ಅ ವರ್ಗ, ಹಿಂದುಳಿದ ಅ ವರ್ಗ ಮಹಿಳೆ. ಆ ಪಟ್ಟಿ ಬಂದ ದಿನ ಊರಲ್ಲಿ ಎಷ್ಟು ಲೆಕ್ಕಾಚಾರ ಶುರುವಾಗುತ್ತದೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಒಂದು ಪ್ರಶ್ನೆ. ಅನುಸೂಚಿತ ಜಾತಿಗೆ ಒಂದು ಸಾಲು ಇದೆ. ಮಹಿಳೆಗೆ ಒಂದು ಸಾಲು ಇದೆ. ಹಾಗಿದ್ದ ಮೇಲೆ ಅನುಸೂಚಿತ ಜಾತಿ ಮಹಿಳೆ ಅಂತ ಬೇರೆ ಸಾಲು ಯಾಕೆ ಬೇಕಾಯಿತು?

ಅದಿಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಮಹಿಳಾ ಸ್ಥಾನಕ್ಕೆ ಊರಿನ ಬಲಿಷ್ಠ ಜಾತಿಯ ಮನೆಯಿಂದ ಒಬ್ಬ ಹೆಣ್ಣುಮಗಳು ನಿಲ್ಲುತ್ತಿದ್ದರು. ಎಸ್‌ಸಿ ಸ್ಥಾನಕ್ಕೆ ಕೇರಿಯ ಒಬ್ಬ ಗಂಡಸು ನಿಲ್ಲುತ್ತಿದ್ದರು. ಎರಡೂ ಮೀಸಲಾತಿ ಸರಿಯಾಗಿ ಜಾರಿಯಾಯಿತು ಅಂತ ಕಡತದಲ್ಲಿ ಬರೆಯಬಹುದಿತ್ತು. ಕೇರಿಯ ಹೆಣ್ಣುಮಗಳು ಮಾತ್ರ ಎರಡರಲ್ಲೂ ಇರುತ್ತಿರಲಿಲ್ಲ. ಇದು ಗೊತ್ತಿದ್ದೇ ಸಂವಿಧಾನದ 73ನೇ ತಿದ್ದುಪಡಿ ಮಾಡಿದವರು 243ಡಿ ವಿಧಿಯಲ್ಲಿ ಒಂದು ಮಾತು ಸೇರಿಸಿದರು. ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳಲ್ಲೂ ಕನಿಷ್ಠ ಮೂರನೇ ಒಂದು ಭಾಗ ಆ ಸಮುದಾಯಗಳ ಮಹಿಳೆಯರಿಗೇ ಸಿಗಬೇಕು ಅಂತ. 1992ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಅದು. ಇಂಟರ್‌ಸೆಕ್ಷನಾಲಿಟಿ ವಿದೇಶದಿಂದ ಬಂದ ಸೆಮಿನಾರ್ ಸರಕು ಅನ್ನುವವರು ನಮ್ಮದೇ ಸಂವಿಧಾನದ ಈ ವಿಧಿಯನ್ನು ಒಮ್ಮೆ ಓದಬೇಕು.

ಆ ಹೆಸರು ಹುಟ್ಟಿದ್ದು ಅಮೆರಿಕದಲ್ಲಿ, ನಿಜ. ಹುಟ್ಟಿದ ಕಥೆಯನ್ನೂ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಕಥೆಗೆ ತುಂಬಾ ಹತ್ತಿರ ಇದೆ.

ಸೇಂಟ್ ಲೂಯಿಸ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರ್ಖಾನೆ ಇತ್ತು. ಕಾರ್ಖಾನೆಯ ಒಳಗಿನ ಕೆಲಸಕ್ಕೆ ಕಪ್ಪು ಗಂಡಸರನ್ನು ತೆಗೆದುಕೊಳ್ಳುತ್ತಿದ್ದರು. ಆಫೀಸಿನ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು, ಅವರೆಲ್ಲ ಬಿಳಿಯರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವ ತನಕ ಕಪ್ಪು ಹೆಂಗಸರಿಗೆ ಅಲ್ಲಿ ಬಾಗಿಲೇ ತೆರೆದಿರಲಿಲ್ಲ. ಆಮೇಲೆ ತೆರೆಯಿತು. ಅಷ್ಟರಲ್ಲಿ 1970ರ ದಶಕದ ಆರ್ಥಿಕ ಕುಸಿತ ಬಂತು. ಕೊನೆಗೆ ಸೇರಿದವರನ್ನು ಮೊದಲು ಮನೆಗೆ ಕಳಿಸುವುದು ಕಂಪನಿಯ ನಿಯಮ. ಕೊನೆಗೆ ಸೇರಿದವರು ಯಾರು? 1970ರ ನಂತರ ಸೇರಿದ ಕಪ್ಪು ಹೆಂಗಸರೆಲ್ಲ ಕೆಲಸ ಕಳೆದುಕೊಂಡರು.

ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನೂ ನಾಲ್ವರು ಮಹಿಳೆಯರು ಕೋರ್ಟಿಗೆ ಹೋದರು. 1976ರಲ್ಲಿ ತೀರ್ಪು ಬಂತು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಕಂಪನಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದೆ, ಹಾಗಾಗಿ ಹೆಣ್ಣು ಅನ್ನುವ ಕಾರಣಕ್ಕೆ ತಾರತಮ್ಯ ಆಗಿಲ್ಲ. ಜನಾಂಗದ ತಾರತಮ್ಯ ಅಂತ ಬೇಕಾದರೆ ಬೇರೆ ದಾವೆ ಇದೆ, ಅದಕ್ಕೆ ಹೋಗಿ ಸೇರಿಕೊಳ್ಳಿ. ಎರಡನ್ನೂ ಒಟ್ಟು ಸೇರಿಸಿ ಕೇಳುವ ಹಾಗಿಲ್ಲ. ಹೀಗೆ ಒಂದಕ್ಕೊಂದು ಸೇರಿಸಿ ಹೊಸ ಹೊಸ ವರ್ಗ ಮಾಡುತ್ತಾ ಹೋದರೆ ಅದಕ್ಕೆ ಕೊನೆಯೇ ಇರುವುದಿಲ್ಲ ಎಂಬ ಆತಂಕವೂ ಆ ತೀರ್ಪಿನಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಸೀನಿಯಾರಿಟಿ ನಿಯಮದಲ್ಲಿ ಬಣ್ಣದ ಮಾತೂ ಇಲ್ಲ, ಹೆಣ್ಣು ಗಂಡಿನ ಮಾತೂ ಇಲ್ಲ. ಹಳಬರಿಗೆ ರಕ್ಷಣೆ ಇರಲಿ ಅಂತ ಕಾರ್ಮಿಕರೇ ಬಯಸುವ ನಿಯಮ ಅದು. ಲೇ-ಆಫ್ ಪಟ್ಟಿ ತಯಾರಿಸಿದ ಗುಮಾಸ್ತನಿಗೆ ಯಾರ ಮೇಲೂ ದ್ವೇಷ ಇರಬೇಕಾಗಿರಲಿಲ್ಲ. ಹಳೆಯ ಅನ್ಯಾಯದ ಮೇಲೆ ಒಂದು ಸಾಧಾರಣ ನಿಯಮ ಬಂದು ಕೂತರೆ ಸಾಕು. ಅಧಿಕಾರ ಕೆಲಸ ಮಾಡುವುದು ಜಾಸ್ತಿ ಹೀಗೇ.

ಕಿಂಬರ್ಲೆ ಕ್ರೆನ್‌ಶಾ ಎಂಬ ಕಪ್ಪು ಕಾನೂನು ಪ್ರಾಧ್ಯಾಪಕಿ 1989ರ ತಮ್ಮ ಲೇಖನದಲ್ಲಿ ಈ ತೀರ್ಪನ್ನು ಎತ್ತಿಕೊಂಡರು. ಇಂಟರ್‌ಸೆಕ್ಷನಾಲಿಟಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ಅವರು ಕೊಟ್ಟ ಚಿತ್ರ ಸರಳ. ನಾಲ್ಕು ರಸ್ತೆ ಕೂಡುವ ಸರ್ಕಲ್‌ನಲ್ಲಿ ಒಬ್ಬಾಕೆ ನಿಂತಿದ್ದಾಳೆ. ಗಾಡಿ ಯಾವ ಕಡೆಯಿಂದ ಬೇಕಾದರೂ ಬಂದು ಗುದ್ದಬಹುದು, ಒಟ್ಟಿಗೇ ಎಲ್ಲ ಕಡೆಯಿಂದಲೂ ಬರಬಹುದು. ಗುದ್ದಿದ್ದು ಯಾವ ರಸ್ತೆಯ ಗಾಡಿ ಅಂತ ಖಚಿತವಾಗಿ ಹೇಳಿದರೆ ಮಾತ್ರ ಆಂಬುಲೆನ್ಸ್ ಕಳಿಸುತ್ತೇವೆ ಅಂದರೆ ಆಕೆ ಏನು ಮಾಡಬೇಕು?

ಈ ಪ್ರಶ್ನೆ ಕ್ರೆನ್‌ಶಾ ಅವರಿಗಿಂತ ಮುಂಚೆಯೇ ಹಲವರಿಗೆ ಹೊಳೆದಿತ್ತು. 1977ರಲ್ಲಿ ಬಾಸ್ಟನ್ನಿನ ಕೊಂಬಾಹೀ ರಿವರ್ ಕಲೆಕ್ಟಿವ್ ಎಂಬ ಕಪ್ಪು ಮಹಿಳೆಯರ ಗುಂಪು, ದಬ್ಬಾಳಿಕೆಯ ಈ ವ್ಯವಸ್ಥೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ತಮ್ಮ ಹೇಳಿಕೆಯಲ್ಲಿ ಬರೆದಿತ್ತು. ಅದಕ್ಕೂ 61 ವರ್ಷ ಮುಂಚೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದ ಒಬ್ಬ ಹುಡುಗ ಒಂದು ಪ್ರಬಂಧ ಓದಿದ್ದರು. 1916ರ ಮೇ 9. ಅಂಬೇಡ್ಕರ್ ಅವರಿಗೆ ಆಗ 25 ವರ್ಷ.

ಆ ಪ್ರಬಂಧದ ವಾದ ಹೀಗಿದೆ. ಜಾತಿ ಉಳಿಯಬೇಕಾದರೆ ಮದುವೆ ಜಾತಿಯೊಳಗೇ ಆಗಬೇಕು. ಹಾಗೆ ಆಗಬೇಕಾದರೆ ಜಾತಿಯೊಳಗೆ ಗಂಡು ಹೆಣ್ಣಿನ ಸಂಖ್ಯೆ ಸರಿತೂಗಬೇಕು. ಗಂಡ ಸತ್ತರೆ ಒಬ್ಬ ಹೆಣ್ಣು 'ಹೆಚ್ಚು' ಆಗುತ್ತಾಳೆ. ಆಕೆಯನ್ನು ಸುಟ್ಟುಬಿಡು, ಇಲ್ಲವೇ ವಿಧವೆಯಾಗಿ ಕೂರಿಸು. ಹೆಂಡತಿ ಸತ್ತ ಗಂಡಸಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಕಟ್ಟು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವು ಜಾತಿಯ ಪಕ್ಕದಲ್ಲಿ ಸುಮ್ನೆ ಬೆಳೆದ ಕೆಟ್ಟ ಪದ್ಧತಿಗಳಲ್ಲ, ಜಾತಿ ಉಸಿರಾಡುತ್ತಿರುವುದೇ ಇವುಗಳಿಂದ ಎಂದು ಅವರು ತೋರಿಸಿದರು. ಅಂದರೆ ಹೆಣ್ಣನ್ನು ಕಟ್ಟಿಹಾಕದೆ ಜಾತಿ ನಿಲ್ಲುವುದಿಲ್ಲ. ಇವತ್ತು ಬೇರೆ ಜಾತಿಯವನನ್ನು ಮದುವೆಯಾದ ಮಗಳನ್ನು ಕೊಂದು ಅದಕ್ಕೆ ಮರ್ಯಾದೆ ಅನ್ನುವ ಹೆಸರಿಡುತ್ತಾರಲ್ಲ, ಅಲ್ಲಿ ಸತ್ತಿದ್ದು ಜಾತಿಯಿಂದಲೋ, ಹೆಣ್ಣಾಗಿದ್ದಕ್ಕೋ? ಬಿಡಿಸಿ ಹೇಳಿ ನೋಡೋಣ.

ಬಿಡಿಸಿ ಹೇಳಿ ಅಂತ ನಮ್ಮ ಕಾನೂನು ಮಾತ್ರ ಕೇಳುತ್ತಲೇ ಬಂದಿದೆ. ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ರಾಜಸ್ಥಾನದ ಭಂವರಿ ದೇವಿಯವರದು. ಕುಂಬಾರ ಸಮುದಾಯದವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ, ಅಂದರೆ ಊರಿನ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದರು. ಊರಿನ ಬಲಿಷ್ಠ ಗುಜ್ಜರ್ ಕುಟುಂಬವೊಂದರಲ್ಲಿ ಹಸುಗೂಸಿನ ಮದುವೆ ತಡೆಯಲು ಹೋದರು, ಅದು ಅವರ ಕೆಲಸವೇ ಆಗಿತ್ತು. 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟ್ ಆರೋಪಿಗಳನ್ನು ಆ ಆರೋಪದಿಂದ ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಿ ಮೈಲಿಗೆ ಮಾಡಿಕೊಳ್ಳಲಾರರು ಅನ್ನುವ ಧಾಟಿಯ ವಾದ ಆ ತೀರ್ಪಿನಲ್ಲಿತ್ತು. ಆ ತೀರ್ಪಿನ ಮೇಲೆ ದೇಶ ಸಿಟ್ಟಾಯಿತು. ಈ ಘಟನೆಯ ಹಿನ್ನೆಲೆಯಲ್ಲೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು, 1997ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಕಾಯ್ದೆ ಬಂತು. ಇವತ್ತು ಬೆಂಗಳೂರಿನ ಪ್ರತಿ ಐಟಿ ಕಂಪನಿಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕಾಗಿರುವುದು ಅದರ ಫಲ.

ಒಳ್ಳೆಯದೇ ಆಯಿತು. ಆದರೆ ದಾರಿಯಲ್ಲಿ ಏನು ಬಿದ್ದುಹೋಯಿತು ನೋಡಿ. ಹೊಲದಲ್ಲಿ ಗಂಡನ ಕಣ್ಣೆದುರೇ ನಡೆದ ಆ ಹಿಂಸೆಯಲ್ಲಿ ಜಾತಿ ಇತ್ತು, ಊರಿನ ಯಜಮಾನಿಕೆ ಇತ್ತು, ಪುಡಿಗಾಸಿಗೆ ಸರ್ಕಾರದ ಕೆಲಸ ಮಾಡುವ ಬಡ ಹೆಣ್ಣುಮಗಳ ಅಸಹಾಯಕತೆ ಇತ್ತು. ದೆಹಲಿಗೆ ತಲುಪುವ ಹೊತ್ತಿಗೆ ಉಳಿದದ್ದು 'ಕೆಲಸದ ಸ್ಥಳದಲ್ಲಿ ಮಹಿಳೆ' ಅನ್ನುವ ಒಂದು ಎಳೆ ಮಾತ್ರ. ಮಾರ್ಗಸೂಚಿಯಲ್ಲಿ ಜಾತಿಯ ಸುದ್ದಿಯೇ ಇಲ್ಲ. ಕಾನೂನನ್ನು ತಂದುಕೊಟ್ಟವರು ಭಂವರಿ ದೇವಿ. ಅದರ ಲಾಭ ಮೊದಲು ಸಿಕ್ಕಿದ್ದು ಆಫೀಸು ಇರುವವರಿಗೆ. ಇದು ನನ್ನನ್ನು ಈಗಲೂ ಕಾಡುತ್ತದೆ.

ಎರಡನೆಯದು 2021ರ ಏಪ್ರಿಲ್ 27ರ ಸುಪ್ರೀಂ ಕೋರ್ಟ್ ತೀರ್ಪು. ಆಂಧ್ರಪ್ರದೇಶದ ಪ್ರಕರಣ. ಹುಟ್ಟಿನಿಂದ ಕಣ್ಣು ಕಾಣದ, ಪರಿಶಿಷ್ಟ ಜಾತಿಯ ಯುವತಿಯ ಮೇಲೆ 2011ರಲ್ಲಿ ಅತ್ಯಾಚಾರ ಆಗಿತ್ತು. ಅಪರಾಧಿ ಮನೆಗೆ ಬಂದುಹೋಗುತ್ತಿದ್ದ ಪರಿಚಯದವನು, ಆಕೆ ಅವನನ್ನು ದನಿಯಿಂದ ಗುರುತಿಸಿದರು. ಅಂಗವಿಕಲ ಮಹಿಳೆಯ ಸಾಕ್ಷ್ಯ ಬೇರೆಯವರ ಸಾಕ್ಷ್ಯಕ್ಕಿಂತ ಕಡಿಮೆ ತೂಕದ್ದಲ್ಲ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂಟರ್‌ಸೆಕ್ಷನಾಲಿಟಿಯ ಬಗ್ಗೆ ಆ ತೀರ್ಪಿನಲ್ಲಿ ದೀರ್ಘ ಚರ್ಚೆಯೇ ಇದೆ, ಕ್ರೆನ್‌ಶಾ ಅವರ ಹೆಸರೂ ಇದೆ. ಜಾತಿ, ಲಿಂಗ, ಅಂಗವೈಕಲ್ಯ ಒಟ್ಟಿಗೆ ಕೆಲಸ ಮಾಡುವಾಗ ಇಂಥದ್ದೇ ಕಾರಣ ಅಂತ ಬೇರ್ಪಡಿಸಿ ತೋರಿಸುವುದು ಕಷ್ಟ ಎಂದು ನ್ಯಾಯಮೂರ್ತಿಗಳೇ ಬರೆದಿದ್ದಾರೆ.

ಇಷ್ಟೆಲ್ಲ ಬರೆದ ಮೇಲೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆಯನ್ನು ಅದೇ ತೀರ್ಪು ರದ್ದು ಮಾಡಬೇಕಾಯಿತು. ಯಾಕೆಂದರೆ ಘಟನೆ ನಡೆದಾಗ ಇದ್ದ ಕಲಂ ಪ್ರಕಾರ, ಆಕೆ ಪರಿಶಿಷ್ಟ ಜಾತಿಯವಳು ಅನ್ನುವ ಕಾರಣಕ್ಕೇ ಅಪರಾಧ ನಡೆದಿದೆ ಎಂದು ಸಾಬೀತಾಗಬೇಕಿತ್ತು. ಅದಕ್ಕೆ ಪ್ರತ್ಯೇಕ ಸಾಕ್ಷ್ಯ ಇರಲಿಲ್ಲ. 2016ರ ಜನವರಿಯಿಂದ ಆ ಕಲಂ ಬದಲಾಗಿದೆ. ಈಗ ಸಂತ್ರಸ್ತೆಯ ಜಾತಿ ಅಪರಾಧಿಗೆ ಗೊತ್ತಿತ್ತು ಅಂತ ತೋರಿಸಿದರೆ ಸಾಕು. ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಅಪರಾಧಿಯ ಮನಸ್ಸಿನೊಳಗೆ ಹೊಕ್ಕು ಕಾರಣ ಹುಡುಕಿ ತರುವ ಹೊರೆ ಹೆಣ್ಣುಮಗಳ ತಲೆಯಿಂದ ಇಳಿದಿದ್ದು ಇದರಿಂದಲೇ.

ಕೋರ್ಟಿನಿಂದ ಹೊರಗೆ ಬರೋಣ. ನಮ್ಮದೇ ರಾಜ್ಯದ ಸರ್ಕಾರಿ ಶಾಲೆಯ ಅಡುಗೆಮನೆಗೆ ಹೋಗೋಣ.

ಬಿಸಿಯೂಟದ ಅಡುಗೆಯವರನ್ನು ನೀವು ನೋಡಿರುತ್ತೀರಿ. ಬೆಳಿಗ್ಗೆ ಬಂದವರೇ ಮಕ್ಕಳಿಗೆ ಹಾಲು ಕಾಯಿಸಬೇಕು. ಅಕ್ಕಿ ಆರಿಸಬೇಕು, ಬೇಳೆ ಬೇಯಿಸಬೇಕು, ತರಕಾರಿ ಹೆಚ್ಚಬೇಕು. ಮೊಟ್ಟೆಯ ದಿನವಾದರೆ ಅಷ್ಟೂ ಮೊಟ್ಟೆ ಬೇಯಿಸಿ ಸಿಪ್ಪೆ ಬಿಡಿಸಬೇಕು. ಕುದಿಯುವ ಅನ್ನದ ಪಾತ್ರೆಯನ್ನು ಇಬ್ಬರು ಎರಡೂ ಕಡೆ ಬಟ್ಟೆ ಹಿಡಿದು ಇಳಿಸಬೇಕು. ಗಂಜಿ ಬಸಿಯುವಾಗ ಕಾಲಿನ ಮೇಲೆ ಬಿದ್ದರೆ ಕಥೆ ಮುಗೀತು. ಬಡಿಸಿ, ಪಾತ್ರೆ ತಿಕ್ಕಿ, ಅಡುಗೆಮನೆ ತೊಳೆದು ಹೊರಡುವಾಗ ಮಧ್ಯಾಹ್ನ ಮೀರಿರುತ್ತದೆ. ಇದಕ್ಕೆ ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ರಾಜ್ಯ ಅದರ ಮೇಲೆ ಒಂದಿಷ್ಟು ಸೇರಿಸಿ ಕೊಡುತ್ತದೆ. ಸೇರಿಸಿದರೂ ಕನಿಷ್ಠ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ.

ಯಾಕೆ ಇಷ್ಟು ಕಡಿಮೆ? ಅಡುಗೆ ಹೆಂಗಸರು ಮನೆಯಲ್ಲಿ ಹೇಗೂ ಮಾಡುವ ಕೆಲಸ ಅಲ್ವಾ, ಅದಕ್ಕೇನು ಕೊಡೋದು ಅನ್ನುವ ಭಾವನೆ. ಈಗ ಇದೇ ಅಡುಗೆಯನ್ನು ಮದುವೆ ಛತ್ರದಲ್ಲಿ ನೋಡಿ. ಅಲ್ಲಿ ಅಡುಗೆ ಭಟ್ಟರು ಇರುತ್ತಾರೆ. ಅಡ್ವಾನ್ಸ್ ಕೊಟ್ಟು ತಿಂಗಳುಗಟ್ಟಲೆ ಮುಂಚೆ ಗೊತ್ತು ಮಾಡಬೇಕು. ಮನೆಯವರು ಅವರ ಮುಂದೆ ತಗ್ಗಿ ಬಗ್ಗಿ ಮಾತಾಡುತ್ತಾರೆ. ಅದೇ ಅನ್ನ, ಅದೇ ಸಾರು. ಮೇಲ್ಜಾತಿಯ ಗಂಡಸಿನ ಕೈಯಲ್ಲಿ ಅಡುಗೆ ಒಂದು ಕಸುಬು, ಅದಕ್ಕೆ ರೇಟು ಇದೆ, ಹೆಸರು ಇದೆ. ಬಡ ಹೆಣ್ಣಿನ ಕೈಯಲ್ಲಿ ಅದು ಸೇವೆ. ಆ ಹೆಣ್ಣು ದಲಿತಳಾದರೆ ಅವಳ ಕೈಯಡುಗೆ ಬೇಡವೇ ಬೇಡ.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಅಂತ ಮಕ್ಕಳಿಗೆ ಊಟ ಬಿಡಿಸಿದ, ಶಾಲೆಯನ್ನೇ ಬಿಡಿಸಿ ಟಿಸಿ ತೆಗೆದುಕೊಂಡು ಹೋದ ಸುದ್ದಿ ನಮ್ಮ ರಾಜ್ಯದಿಂದಲೇ ಮತ್ತೆ ಮತ್ತೆ ಬಂದಿದೆ. ಸುಪ್ರೀಂ ಕೋರ್ಟ್ 2004ರಲ್ಲೇ ಆಹಾರ ಹಕ್ಕಿನ ಪ್ರಕರಣದಲ್ಲಿ, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಬೇಕು ಎಂದು ಆದೇಶ ಮಾಡಿತ್ತು. ಮಕ್ಕಳು ಚಿಕ್ಕಂದಿನಲ್ಲೇ ಎಲ್ಲರ ಕೈಯಡುಗೆ ಉಂಡು ಬೆಳೆಯಲಿ ಅನ್ನುವ ಆಸೆ ಇದರ ಹಿಂದೆ ಇದೆ ಅಂತ ನಾನು ಓದಿಕೊಳ್ಳುತ್ತೇನೆ.

ಆಕೆಯನ್ನು ತೆಗೆಸುವುದು ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಜಾತಿಯ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಅಡುಗೆ ರುಚಿ ಇಲ್ಲ, ಶುಚಿ ಇಲ್ಲ, ಆಕೆ ಜೋರು ಮಾತಾಡುತ್ತಾಳೆ ಅನ್ನುತ್ತಾರೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಇರುವವರು ಊರಿನವರೇ. ಆಕೆಗೆ ನೇಮಕಾತಿಯ ಭದ್ರತೆ ಇಲ್ಲ, ಯಾಕೆಂದರೆ ಅದು ಹೆಂಗಸರ ಕೆಲಸ, ಗೌರವಧನದ ಕೆಲಸ. ಹಾಗಾಗಿ ತೆಗೆಯುವುದು ಸುಲಭ. ಖಾಯಂ ನೌಕರಿ ಇದ್ದ ದಲಿತ ಮೇಷ್ಟರನ್ನು ಇಷ್ಟು ಸುಲಭವಾಗಿ ತೆಗೆಯಲು ಆಗುವುದಿಲ್ಲ. ಬೇರೆ ಜಾತಿಯ ಬಡ ಹೆಂಗಸಾಗಿದ್ದರೆ ಕಡಿಮೆ ದುಡ್ಡಿಗೆ ದುಡಿಸಿಕೊಳ್ಳುತ್ತಿದ್ದರು, ಆದರೆ ಮಕ್ಕಳನ್ನು ಶಾಲೆ ಬಿಡಿಸುತ್ತಿರಲಿಲ್ಲ. ಜಾತಿ ಇಲ್ಲಿ ತನ್ನ ಕೆಲಸವನ್ನು ಹೆಣ್ಣಿನ ಅಗ್ಗದ ದುಡಿಮೆಯ ಮೂಲಕ ಮಾಡಿಸಿಕೊಳ್ಳುತ್ತಿದೆ. ಜಾತಿಯ ಕಷ್ಟ ಒಂದು ಪಾಲು, ಹೆಣ್ಣಿನ ಕಷ್ಟ ಒಂದು ಪಾಲು ಅಂತ ಕೂಡಿದರೆ ಈ ಲೆಕ್ಕ ಸಿಗುವುದಿಲ್ಲ. ಇದು ಬೇರೆಯದೇ ಕಷ್ಟ.

ಭೂಮಿಯ ವಿಷಯವೂ ಹೀಗೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಕೇಂದ್ರಕ್ಕಿಂತ 11 ವರ್ಷ ಮುಂಚೆ. ಹೆಮ್ಮೆಪಡಬೇಕಾದ ಕಾನೂನು. ಆದರೆ ಅಪ್ಪನಿಗೇ ಒಂದು ಗುಂಟೆ ಇಲ್ಲದ ಕೂಲಿ ಮನೆಯ ಮಗಳು ಯಾವುದರಲ್ಲಿ ಪಾಲು ಕೇಳಬೇಕು?

ಇಲ್ಲಿಯವರೆಗೆ ನೋವಿನ ಕಡೆಯಿಂದ ಹೇಳಿದೆ. ಅಧಿಕಾರದ ಕಡೆಯಿಂದಲೂ ನೋಡಬೇಕು, ಅದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಗಂಡನ ಮನೆಯಲ್ಲಿ ಎದುರು ಮಾತಾಡಲು ಆಗದ ಮೇಲ್ಜಾತಿಯ ಹೆಣ್ಣುಮಗಳು ಮನೆಗೆಲಸಕ್ಕೆ ಬರುವಾಕೆಗೆ ಲೋಟ ಬೇರೆ ಇಟ್ಟಿರಬಹುದು. ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಬೇರೆ ಲಿಫ್ಟು ಅಂತ ಬೋರ್ಡು ಹಾಕುವ ಸಭೆಯಲ್ಲಿ ಕೈ ಎತ್ತಿರಬಹುದು. ಊರಿನ ಹೋಟೆಲಿನಲ್ಲಿ ಅವಮಾನ ತಿಂದ ದಲಿತ ಗಂಡಸು ಮನೆಗೆ ಬಂದು ಹೆಂಡತಿಗೆ ಹೊಡೆಯಬಹುದು. ಒಬ್ಬರೇ ಒಂದು ಕಡೆ ತುಳಿತಕ್ಕೆ ಸಿಕ್ಕಿರುತ್ತಾರೆ, ಇನ್ನೊಂದು ಕಡೆ ತುಳಿಯುತ್ತಿರುತ್ತಾರೆ. ನಾನೂ ನೊಂದವಳು, ಹಾಗಾಗಿ ನನ್ನಿಂದ ಅನ್ಯಾಯ ಆಗಲು ಸಾಧ್ಯವೇ ಇಲ್ಲ ಅನ್ನುವ ಸಮಾಧಾನವನ್ನು ಈ ಚಿಂತನೆ ಯಾರಿಗೂ ಕೊಡುವುದಿಲ್ಲ. ಅದು ನನಗೆ ಇಷ್ಟವಾದ ಗುಣ.

ಒಬ್ಬರು ಕೇಳಿದರು, ಹೀಗೆ ಒಳಗೊಳಗೇ ವಿಂಗಡಿಸುತ್ತಾ ಹೋದರೆ ಮಹಿಳೆಯರ ಹೋರಾಟ ಒಡೆಯುವುದಿಲ್ಲವೇ ಅಂತ. ಪ್ರಾಮಾಣಿಕ ಪ್ರಶ್ನೆ. ಆದರೆ ಒಡಕು ಹೆಸರಿಸಿದ್ದರಿಂದ ಹುಟ್ಟಿದ್ದಲ್ಲ, ಮೊದಲೇ ಇತ್ತು. ಸಂಸತ್ತು ಮತ್ತು ವಿಧಾನಸಭೆಯ ಮಹಿಳಾ ಮೀಸಲಾತಿಯನ್ನೇ ನೋಡಿ. 1996ರಲ್ಲಿ ಮಸೂದೆ ಮೊದಲ ಸಲ ಬಂದಾಗಿನಿಂದ ಹಿಂದುಳಿದ ವರ್ಗದ ಹೆಣ್ಣುಮಕ್ಕಳ ಪಾಲು ಎಲ್ಲಿ ಅನ್ನುವ ಪ್ರಶ್ನೆ ಇದೆ. 2023ರಲ್ಲಿ ತಿದ್ದುಪಡಿ ಪಾಸಾಯಿತು. ಪರಿಶಿಷ್ಟ ಜಾತಿ, ಪಂಗಡದ ಸ್ಥಾನಗಳೊಳಗೆ ಅವರ ಮಹಿಳೆಯರಿಗೆ ಮೂರನೇ ಒಂದು ಭಾಗ ಇದೆ. ಹಿಂದುಳಿದ ವರ್ಗದ ಮಹಿಳೆಯರ ಸಾಲು ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಪಟ್ಟಿಯಲ್ಲಿ ಇರುವ ಸಾಲು ಸಂಸತ್ತಿನ ಪಟ್ಟಿಯಲ್ಲಿ ಇಲ್ಲ! ಈ ಪ್ರಶ್ನೆಯನ್ನು ಎತ್ತಿದ್ದೇ ಮಹಿಳಾ ಮೀಸಲಾತಿಗೆ ಅಡ್ಡಗಾಲು ಅಂತ ಎಷ್ಟೋ ಜನ ಬೈದರು. ಕೆಲವರು ಅದನ್ನು ಅಡ್ಡಗಾಲಾಗಿಯೇ ಬಳಸಿದರು ಅನ್ನುವುದೂ ನಿಜ. ಆದರೆ ಬಳಸಿದವರ ಕಾರಣಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ.

ಇನ್ನೊಬ್ಬರು, ಇದು ಯಾರಿಗೆ ಜಾಸ್ತಿ ನೋವು ಅನ್ನುವ ಪೈಪೋಟಿ ಆಗುತ್ತಿದೆ ಅಂದರು. ಹಾಗೆ ಬಳಸುವವರು ಇದ್ದಾರೆ, ನನಗೂ ಅದು ಸರಿ ಕಾಣುವುದಿಲ್ಲ. ಇದನ್ನು ಅಂಕ ಕೊಡುವ ಪಟ್ಟಿ ಮಾಡಿಕೊಂಡರೆ ಉಪಯೋಗವಿಲ್ಲ. ಯೋಜನೆಯೊಂದು ಎಲ್ಲಿ ಸೋರುತ್ತಿದೆ, ಯಾರ ಹತ್ತಿರ ಬಂದಾಗ ನಿಂತುಹೋಗುತ್ತಿದೆ ಅಂತ ಹುಡುಕಲು ಇದು ಬೇಕು.

ಹುಡುಕಲು ಅಂಕಿಅಂಶ ಬೇಕು. 2011ರ ಜನಗಣತಿಯಲ್ಲಿ ದೇಶದ ಗಂಡಸರ ಸಾಕ್ಷರತೆ ಶೇ 80.9, ಹೆಂಗಸರದು ಶೇ 64.6. ಪರಿಶಿಷ್ಟ ಜಾತಿಯ ಒಟ್ಟು ಸಾಕ್ಷರತೆ ಶೇ 66.1. ಇಷ್ಟೇ ನೋಡಿದರೆ ಎರಡು ಪ್ರತ್ಯೇಕ ಸಮಸ್ಯೆ ಅನ್ನಿಸುತ್ತದೆ. ಪರಿಶಿಷ್ಟ ಜಾತಿಯ ಹೆಂಗಸರನ್ನು ಬೇರೆಯಾಗಿ ನೋಡಿದಾಗ ಶೇ 56.5 ಅಂತ ಕಾಣುತ್ತದೆ. ಪರಿಶಿಷ್ಟ ಪಂಗಡದ ಹೆಂಗಸರದು ಶೇ 49.4. ಅಂದರೆ ಬುಡಕಟ್ಟಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ 2011ರಲ್ಲೂ ಓದು ಬರಹ ಇರಲಿಲ್ಲ. ಮಹಿಳೆಯರ ಸರಾಸರಿಯೊಳಗೆ ಇವರು ಮುಚ್ಚಿಹೋಗಿದ್ದರು.

2027ರ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುತ್ತೇವೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಎಣಿಸಿದ ಮೇಲೆ ಜಾತಿಗೆ ಒಂದು ಕೋಷ್ಟಕ, ಲಿಂಗಕ್ಕೆ ಒಂದು ಕೋಷ್ಟಕ, ಅಂಗವೈಕಲ್ಯಕ್ಕೆ ಒಂದು ಕೋಷ್ಟಕ ಅಂತ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಾಗಬಾರದು. ಜಾತಿಯೊಳಗೆ ಹೆಣ್ಣು, ಅದರೊಳಗೆ ಕೆಲಸ, ಶಿಕ್ಷಣ, ಅಂಗವೈಕಲ್ಯ, ಹೀಗೆ ಸೇರಿಸಿದ ಕೋಷ್ಟಕಗಳು ತಾಲ್ಲೂಕು ಮಟ್ಟದವರೆಗೆ ಬೇಕು ಅಂತ ಈಗಲೇ ಕೇಳಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಇಲ್ಲಿ ಕೂತಿರುವವರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬರುವವರು ತುಂಬಾ ಜನ ಇದ್ದೀರಿ. ನಿಮ್ಮ ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ಇರುತ್ತಾರೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅವರನ್ನು ಕೇಳಿ: ತಾಲ್ಲೂಕಿನ ಶಾಲೆಗಳಲ್ಲಿ ಅಡುಗೆಯವರು ಎಷ್ಟು ಜನ, ಅವರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರು ಎಷ್ಟು, ಮುಖ್ಯ ಅಡುಗೆಯವರು ಎಷ್ಟು, ಸಹಾಯಕರು ಎಷ್ಟು, ಕಳೆದ 5 ವರ್ಷದಲ್ಲಿ ಕೆಲಸದಿಂದ ತೆಗೆದವರು ಯಾವ ಸಮುದಾಯದವರು, ತೆಗೆದದ್ದಕ್ಕೆ ಕಡತದಲ್ಲಿ ಏನು ಕಾರಣ ಬರೆದಿದ್ದಾರೆ. ಬಂದ ಉತ್ತರವನ್ನು ನನಗೂ ಕಳಿಸಿ. ಎಲ್ಲ ತಾಲ್ಲೂಕುಗಳದ್ದನ್ನೂ ಒಟ್ಟಿಗೆ ಇಟ್ಟು ಓದೋಣ.